ರಕ್ತ ಸೋಸಿದರೆ ಕಾಯಿಲೆ ಹೋಗುತ್ತದಾ?

2025ರ ಫೆಬ್ರವರಿಯಲ್ಲಿ ನಟ ಒರ್ಲಾಂಡೊ ಬ್ಲೂಮ್ ಲಂಡನ್ನಿನ ಕ್ಲಿನಿಕ್ ಒಂದರಲ್ಲಿ ರಕ್ತ ಸೋಸಿಸಿಕೊಂಡ ಫೋಟೋ ಹಾಕಿದರು. ರಕ್ತದಲ್ಲಿರುವ ಮೈಕ್ರೋಪ್ಲಾಸ್ಟಿಕ್ (ಪ್ಲಾಸ್ಟಿಕ್‌ನ ಸೂಕ್ಷ್ಮ ಚೂರುಗಳು) ಮತ್ತು ವಿಷಕಾರಿ ರಾಸಾಯನಿಕಗಳನ್ನು ತೆಗೆಸುವುದು ಅದರ ಉದ್ದೇಶ. ಇಂಥ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತಲೇ ಇವೆ. ಕೋವಿಡ್ ಹೋದ ಮೇಲೂ ಬಿಡದೆ ಕಾಡುವ ಲಾಂಗ್ ಕೋವಿಡ್‌ಗೆ ರಕ್ತ ತೊಳೆಯುತ್ತಾರಂತೆ, ವಯಸ್ಸು ಇಳಿಸಲು ಪ್ಲಾಸ್ಮಾ ಬದಲಿಸುತ್ತಾರಂತೆ. ಒಂದು ಕಡೆ ವೈದ್ಯರೇ 'ಇದಕ್ಕೆ ಆಧಾರ ಇಲ್ಲ' ಅನ್ನುತ್ತಾರೆ. ಇನ್ನೊಂದು ಕಡೆ ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲಿ ಇದೇ ಜಾತಿಯ ಯಂತ್ರಗಳು ದಿನವೂ ಓಡುತ್ತಿರುತ್ತವೆ. ಹಾಗಾದರೆ ಇದು ನಿಜವಾದ ಚಿಕಿತ್ಸೆಯಾ, ಮೋಸವಾ?

ಎರಡರಲ್ಲಿ ಒಂದನ್ನು ಆರಿಸಲು ಹೋದರೆ ದಾರಿ ತಪ್ಪುತ್ತದೆ. ಯಂತ್ರ ನಿಜ, ಅದು ರಕ್ತದಿಂದ ಪದಾರ್ಥಗಳನ್ನು ತೆಗೆಯುವುದೂ ನಿಜ. ಕೇಳಬೇಕಾದ ಪ್ರಶ್ನೆಗಳು ಬೇರೆ. ತೆಗೆದ ಪದಾರ್ಥವೇ ಕಾಯಿಲೆಗೆ ಕಾರಣವಾ? ಅದು ಮುಖ್ಯವಾಗಿ ರಕ್ತದಲ್ಲೇ ಇರುತ್ತದಾ? ತೆಗೆದ ಮೇಲೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ?

ಒಂದೇ ಹೆಸರು, ಬೇರೆ ಬೇರೆ ಕೆಲಸ

'ರಕ್ತ ಸೋಸುವುದು' ಅಂದಾಗ ಹೆಚ್ಚಿನವರಿಗೆ ನೆನಪಾಗುವುದು ಡಯಾಲಿಸಿಸ್. 1943ರಲ್ಲಿ ನೆದರ್ಲೆಂಡ್ಸಿನ ವಿಲೆಮ್ ಕೋಲ್ಫ್ ಎಂಬ ವೈದ್ಯ ಸೆಲೋಫೇನ್ ಕೊಳವೆಯನ್ನು ಡ್ರಮ್ಮಿಗೆ ಸುತ್ತಿ ಮೊದಲ ಕೃತಕ ಕಿಡ್ನಿ ಮಾಡಿದರು. ಡಯಾಲಿಸಿಸ್ ಯಂತ್ರದೊಳಗಿನ ಪೊರೆಯಲ್ಲಿ ಬಹಳ ಸಣ್ಣ ರಂಧ್ರಗಳಿರುತ್ತವೆ. ಯೂರಿಯಾ, ಪೊಟ್ಯಾಸಿಯಂನಂಥ ಚಿಕ್ಕ ಅಣುಗಳು ಅದರಿಂದ ಆಚೆ ಹೋಗುತ್ತವೆ. ರಕ್ತದ ಪ್ರೋಟೀನ್‌ಗಳು ದೊಡ್ಡವು, ಅವು ಒಳಗೇ ಉಳಿಯುತ್ತವೆ. ಕೆಟ್ಟ ಕಿಡ್ನಿ ಮಾಡಲಾಗದ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ.

ಈಗ ಸುದ್ದಿಯಲ್ಲಿರುವುದು ಅದಲ್ಲ, ಅಫೆರೆಸಿಸ್. ಗ್ರೀಕ್ ಮೂಲದ ಈ ಪದಕ್ಕೆ 'ತೆಗೆದುಹಾಕುವುದು' ಎಂದು ಅರ್ಥ. ಇದರಲ್ಲಿ ರಕ್ತವನ್ನು ಹೊರಗೆ ತಂದು ಅದರ ಭಾಗಗಳನ್ನು ಬೇರ್ಪಡಿಸುತ್ತಾರೆ. ಬೇಡದ್ದನ್ನು ಇಟ್ಟುಕೊಂಡು ಉಳಿದದ್ದನ್ನು ದೇಹಕ್ಕೆ ಮರಳಿಸುತ್ತಾರೆ. ರಕ್ತವನ್ನು ನಿರಂತರವಾಗಿ ಹರಿಸುತ್ತಲೇ ಬೇರ್ಪಡಿಸುವ ಯಂತ್ರ ರೂಪುಗೊಂಡದ್ದು 1960ರ ದಶಕದಲ್ಲಿ. ಐಬಿಎಂ ಕಂಪನಿಯ ಎಂಜಿನಿಯರ್ ಜಾರ್ಜ್ ಜಡ್ಸನ್ ಅವರ ಮಗನಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಅವರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯ ಎಮಿಲ್ ಫ್ರೈರೈಕ್ ಜೊತೆ ಸೇರಿ ಅದನ್ನು ಕಟ್ಟಿದರು. ಇವತ್ತು ಪ್ಲೇಟ್‌ಲೆಟ್ ದಾನಕ್ಕೆ ಬಳಸುವ ಯಂತ್ರಗಳೂ ಅದೇ ವಂಶದವು.

ಅಫೆರೆಸಿಸ್‌ನಲ್ಲೇ ಒಂದು ಬಗೆ ಪ್ಲಾಸ್ಮಾ ಎಕ್ಸ್‌ಚೇಂಜ್. ರಕ್ತದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಭಾಗ ಪ್ಲಾಸ್ಮಾ, ಅಂದರೆ ತಿಳಿಹಳದಿ ಬಣ್ಣದ ದ್ರವ. ದೊಡ್ಡವರಲ್ಲಿ ಸುಮಾರು 3 ಲೀಟರ್ ಇರುತ್ತದೆ. ಅದನ್ನು ಎತ್ತಿ ಬಿಸಾಡುತ್ತಾ, ಬದಲಿಗೆ ಆಲ್ಬುಮಿನ್ (ಪ್ಲಾಸ್ಮಾದ ಮುಖ್ಯ ಪ್ರೋಟೀನ್) ದ್ರಾವಣವನ್ನೋ ದಾನಿಗಳ ಪ್ಲಾಸ್ಮಾವನ್ನೋ ಕೊಡುತ್ತಾರೆ. ಇನ್ನೊಂದು ಬಗೆಯಲ್ಲಿ ಪ್ಲಾಸ್ಮಾವನ್ನು ಬಿಸಾಡುವುದಿಲ್ಲ. ಕೆಲವು ಪದಾರ್ಥಗಳನ್ನು ಮಾತ್ರ ಹಿಡಿಯುವ ಫಿಲ್ಟರ್ ಮೂಲಕ ಹಾಯಿಸಿ ಮತ್ತೆ ರೋಗಿಗೇ ಕೊಡುತ್ತಾರೆ. ಜಾಹೀರಾತುಗಳು ಇವೆಲ್ಲವನ್ನೂ 'ಬ್ಲಡ್ ಕ್ಲೀನಿಂಗ್' ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತವೆ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ.

ಇದು ಜೀವ ಉಳಿಸುವ ಜಾಗ

ಟಿಟಿಪಿ ಎಂಬ ಅಪರೂಪದ ಕಾಯಿಲೆ ಇದೆ. ನಮ್ಮ ರಕ್ತದಲ್ಲಿ ಒಂದು ಉದ್ದನೆಯ ಪ್ರೋಟೀನ್ ಇರುತ್ತದೆ, ಗಾಯವಾದಾಗ ಪ್ಲೇಟ್‌ಲೆಟ್‌ಗಳು ಅದಕ್ಕೆ ಅಂಟಿಕೊಂಡು ರಕ್ತ ನಿಲ್ಲುತ್ತದೆ. ಆ ಉದ್ದನೆಯ ಎಳೆಗಳನ್ನು ಆಗಾಗ ಕತ್ತರಿಸಿ ಅಳತೆಯಲ್ಲಿಡಲು ಒಂದು ಕಿಣ್ವವೂ ಇರುತ್ತದೆ. ಟಿಟಿಪಿ ಬಂದವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಆ ಕಿಣ್ವದ ಮೇಲೇ ತಿರುಗಿಬೀಳುತ್ತದೆ, ಅದನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕತ್ತರಿಸುವವರು ಇಲ್ಲದ ಮೇಲೆ ಎಳೆಗಳು ಬೆಳೆಯುತ್ತವೆ, ಗಾಯವೇ ಇಲ್ಲದಿದ್ದರೂ ಪ್ಲೇಟ್‌ಲೆಟ್‌ಗಳು ಅವಕ್ಕೆ ಸಿಕ್ಕಿಕೊಳ್ಳುತ್ತವೆ, ಮಿದುಳು, ಹೃದಯ, ಕಿಡ್ನಿಯ ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತಾ ಹೋಗುತ್ತದೆ.

ಚಿಕಿತ್ಸೆ ಕೊಡದಿದ್ದರೆ ಸುಮಾರು 90 ಶೇಕಡಾ ರೋಗಿಗಳು ಸಾಯುತ್ತಾರೆ. ಪ್ಲಾಸ್ಮಾ ಎಕ್ಸ್‌ಚೇಂಜ್ ಬಂದ ಮೇಲೆ ಇದು 10ರಿಂದ 20 ಶೇಕಡಾಕ್ಕೆ ಇಳಿಯಿತು. ಕಾರಣ ಸ್ಪಷ್ಟ. ಹಳೆಯ ಪ್ಲಾಸ್ಮಾದ ಜೊತೆ ಕೆಟ್ಟ ಪ್ರತಿಕಾಯಗಳು ಹೊರಗೆ ಹೋಗುತ್ತವೆ, ದಾನಿಗಳ ಪ್ಲಾಸ್ಮಾದ ಜೊತೆ ಕಾಣೆಯಾಗಿದ್ದ ಕಿಣ್ವ ಒಳಗೆ ಬರುತ್ತದೆ. 1991ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ 102 ರೋಗಿಗಳಿದ್ದರು. ಒಂದು ಗುಂಪಿಗೆ ಸುಮ್ನೆ ಪ್ಲಾಸ್ಮಾ ಏರಿಸಿದರು, ಇನ್ನೊಂದಕ್ಕೆ ಪ್ಲಾಸ್ಮಾ ಬದಲಿಸಿದರು. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ 63 ಶೇಕಡಾ, ಎರಡನೆಯದರಲ್ಲಿ 78 ಶೇಕಡಾ ಜನ ಬದುಕಿದ್ದರು.

ಜಿಬಿಎಸ್ ಎಂದು ಕರೆಯುವ ನರಗಳ ಕಾಯಿಲೆಯಲ್ಲೂ ಪ್ಲಾಸ್ಮಾ ಎಕ್ಸ್‌ಚೇಂಜ್ ಚೇತರಿಕೆಯನ್ನು ಬೇಗ ಮಾಡುತ್ತದೆ. ಸ್ನಾಯುಗಳು ಬಲ ಕಳೆದುಕೊಳ್ಳುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ ಉಲ್ಬಣಿಸಿ ಉಸಿರಾಟಕ್ಕೇ ಕುತ್ತು ಬಂದಾಗಲೂ ಇದನ್ನು ಬಳಸುತ್ತಾರೆ. ಹುಟ್ಟಿನಿಂದಲೇ ಕೆಟ್ಟ ಕೊಲೆಸ್ಟ್ರಾಲ್ ವಿಪರೀತ ಇರುವ ಮಕ್ಕಳಿಗೆ ಮಾತ್ರೆ ಸಾಲದೇ ಹೋದಾಗ ಅದನ್ನು ಫಿಲ್ಟರ್ ಮಾಡಿ ತೆಗೆಯುತ್ತಾರೆ. ಇವುಗಳ ಬಗ್ಗೆ ವೈದ್ಯರಲ್ಲಿ ಜಗಳ ಇಲ್ಲ. ಎಲ್ಲ ಕಡೆ ಶತ್ರು ಯಾರು ಅಂತ ಗೊತ್ತಿದೆ, ಅದನ್ನು ಅಳೆಯಬಹುದು, ಅದು ರಕ್ತದಲ್ಲಿ ಸಿಗುತ್ತದೆ.

ಒರತೆ ಇರುವ ಬಾವಿ

3 ಲೀಟರ್ ಪ್ಲಾಸ್ಮಾ ಬದಲಿಸಿದರೆ ಕೆಟ್ಟದ್ದೆಲ್ಲ ಹೋಯಿತು ಅನ್ನಿಸುತ್ತದೆ ಅಲ್ವಾ? ಹಾಗಾಗುವುದಿಲ್ಲ. ಬಣ್ಣದ ನೀರು ತುಂಬಿದ ಬಕೆಟ್‌ಗೆ ಒಂದು ಕಡೆಯಿಂದ ಶುದ್ಧ ನೀರು ಬಿಡುತ್ತಾ ಇನ್ನೊಂದು ಕಡೆಯಿಂದ ಅಷ್ಟೇ ನೀರು ತೆಗೆಯುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ನೀವು ತೆಗೆಯುವ ನೀರಿನಲ್ಲಿ ಹೊಸ ನೀರೂ ಬೆರೆತಿರುತ್ತದೆ. ಹಾಗಾಗಿ ಇರುವಷ್ಟು ಪ್ಲಾಸ್ಮಾವನ್ನು ಒಂದು ಸಲ ಬದಲಿಸಿದರೆ ಹೋಗುವುದು ಸುಮಾರು 63 ಶೇಕಡಾ. ಅದರ ಎರಡರಷ್ಟು ಬದಲಿಸಿದರೂ ಸುಮಾರು 86 ಶೇಕಡಾ.

ಇನ್ನೂ ದೊಡ್ಡ ತೊಡಕು ಮುಂದಿದೆ. ಐಜಿಜಿ ಎಂಬ ಬಗೆಯ ಪ್ರತಿಕಾಯದಲ್ಲಿ ರಕ್ತನಾಳಗಳೊಳಗೆ ಇರುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಮೈಯ ಅಂಗಾಂಶಗಳಲ್ಲಿ ಹರಡಿರುತ್ತದೆ. ರಕ್ತದಲ್ಲಿ ಪ್ರಮಾಣ ಇಳಿದ ಕೂಡಲೇ ಅಲ್ಲಿಂದ ಇಲ್ಲಿಗೆ ಹರಿದು ಬರುತ್ತದೆ. ಒರತೆ ಇರುವ ಬಾವಿಯನ್ನು ಮೊಗೆದು ಬರಿದು ಮಾಡಲು ಹೊರಟಂತೆ ಇದು. ಅದಕ್ಕೇ ಆಸ್ಪತ್ರೆಯಲ್ಲಿ ಒಂದೇ ಸಲಕ್ಕೆ ಬಿಡುವುದಿಲ್ಲ, ಎರಡು ವಾರದೊಳಗೆ ಐದಾರು ಸಲ ಮಾಡುತ್ತಾರೆ. ಜೊತೆಗೆ ಹೊಸ ಪ್ರತಿಕಾಯ ಹುಟ್ಟದಂತೆ ತಡೆಯುವ ಔಷಧ ಕೊಡುತ್ತಾರೆ. ಮೊಗೆಯುವುದು ಸಮಯ ಗಳಿಸಿಕೊಡುತ್ತದೆ, ಔಷಧ ಒರತೆಯನ್ನು ಮುಚ್ಚುತ್ತದೆ. ಕೊಲೆಸ್ಟ್ರಾಲ್ ರೋಗಿಗಳಲ್ಲಿ ಈ ಒರತೆ ಮುಚ್ಚುವುದೇ ಇಲ್ಲ, ಲಿವರ್ ಮತ್ತೆ ಮತ್ತೆ ತಯಾರಿಸುತ್ತದೆ. ಹಾಗಾಗಿ ಅವರು ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ವರ್ಷಗಟ್ಟಲೆ ಯಂತ್ರದ ಪಕ್ಕ ಕೂರಬೇಕು.

ಒಂದೇ ದಿನ ಬಂದು ರಕ್ತ ತೊಳೆಸಿಕೊಂಡು ಹೋಗಿ ಎಂಬ ಜಾಹೀರಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಬೇಕು.

ತರ್ಕ ಸರಿ ಇತ್ತು, ಫಲ ಸಿಗಲಿಲ್ಲ

ಕೆಟ್ಟ ಪದಾರ್ಥ ರಕ್ತದಲ್ಲಿದೆ, ತೆಗೆದರೆ ಗುಣ. ಕೇಳಲು ಎಷ್ಟು ಸರಳ! ಈ ತರ್ಕದ ಮೇಲೆ ಕ್ಲಿನಿಕ್‌ಗಳಷ್ಟೇ ಅಲ್ಲ, ಬಹಳ ಒಳ್ಳೆಯ ವೈದ್ಯರೂ ನಂಬಿಕೆ ಇಟ್ಟಿದ್ದರು. ಪರೀಕ್ಷೆ ಮಾಡಿದಾಗ ಏನಾಯಿತು ಎಂಬುದು ಈ ಇಡೀ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ.

ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆ ಕಿಡ್ನಿಗೆ ಬಡಿದಾಗ ಪ್ಲಾಸ್ಮಾ ಬದಲಿಸಿದರೆ ಒಳ್ಳೆಯದು ಅಂತ ತುಂಬ ಕಡೆ ಮಾಡುತ್ತಿದ್ದರು. 1992ರಲ್ಲಿ 86 ರೋಗಿಗಳ ಮೇಲಿನ ಪ್ರಯೋಗದ ಫಲಿತಾಂಶ ಬಂತು. ಪ್ಲಾಸ್ಮಾ ಬದಲಿಸಿದವರಲ್ಲಿ ಕೆಟ್ಟ ಪ್ರತಿಕಾಯಗಳು ಬೇಗ ಇಳಿದವು. ಲ್ಯಾಬ್ ವರದಿ ಚೆನ್ನಾಗಿತ್ತು. ಆದರೆ ಕಿಡ್ನಿ ಉಳಿಯುವುದರಲ್ಲಿ, ಜೀವ ಉಳಿಯುವುದರಲ್ಲಿ ಬೇರೆಯವರಿಗಿಂತ ಹೆಚ್ಚಿನ ಲಾಭ ಏನೂ ಆಗಲಿಲ್ಲ. ಸಂಖ್ಯೆ ಸುಧಾರಿಸಿತು, ರೋಗಿ ಸುಧಾರಿಸಲಿಲ್ಲ.

ರಕ್ತನಾಳಗಳ ಉರಿಯೂತದ ಒಂದು ಕಾಯಿಲೆಯಲ್ಲೂ ಹೀಗೇ ಆಯಿತು. 2020ರಲ್ಲಿ ಪ್ರಕಟವಾದ ಪೆಕ್ಸಿವಾಸ್ ಎಂಬ ದೊಡ್ಡ ಪ್ರಯೋಗದಲ್ಲಿ 704 ರೋಗಿಗಳಿದ್ದರು. ಸಾವು ಅಥವಾ ಕಿಡ್ನಿ ವೈಫಲ್ಯಕ್ಕೆ ತುತ್ತಾದವರು ಪ್ಲಾಸ್ಮಾ ಬದಲಿಸಿದವರಲ್ಲಿ 28.4 ಶೇಕಡಾ, ಬದಲಿಸದವರಲ್ಲಿ 31 ಶೇಕಡಾ. ಇದನ್ನು ಚಿಕಿತ್ಸೆಯ ಫಲ ಎಂದು ಹೇಳುವಷ್ಟು ಅಂತರ ಇರಲಿಲ್ಲ.

ಇನ್ನೊಂದು ಉದಾಹರಣೆ ಮನಸ್ಸು ಕಲಕುವಂಥದ್ದು. ಕೋವಿಡ್ ಕಾಲದಲ್ಲಿ 'ಸೈಟೊಕೈನ್ ಬಿರುಗಾಳಿ', ಅಂದರೆ ಉರಿಯೂತ ಹೆಚ್ಚಿಸುವ ಪ್ರೋಟೀನ್‌ಗಳು ವಿಪರೀತ ಏರುವುದು, ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಹಾಗಾದರೆ ಆ ಸೈಟೊಕೈನ್‌ಗಳನ್ನೇ ಫಿಲ್ಟರ್ ಹಾಕಿ ಹೀರಿಕೊಳ್ಳೋಣ ಎಂದು ಜರ್ಮನಿಯಲ್ಲಿ ಪ್ರಯತ್ನಿಸಿದರು. ಎಕ್ಮೊ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ) ಯಂತ್ರದ ಮೇಲಿದ್ದ 34 ರೋಗಿಗಳಲ್ಲಿ 17 ಜನರಿಗೆ ಮೂರು ದಿನ ಈ ಫಿಲ್ಟರ್ ಹಾಕಿದರು. ಹಿಡಿಯಬೇಕಿದ್ದ ಪದಾರ್ಥ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 30 ದಿನಗಳ ನಂತರ ಫಿಲ್ಟರ್ ಹಾಕಿದ 17 ಜನರಲ್ಲಿ ಬದುಕಿದ್ದವರು 3, ಹಾಕದ 17 ಜನರಲ್ಲಿ 13. ಚಿಕ್ಕ ಪ್ರಯೋಗ, ಒಂದೇ ಆಸ್ಪತ್ರೆ, ಅದನ್ನು ಮರೆಯಬಾರದು. ಆದರೂ ಈ ಅಂಕಿಗಳನ್ನು ನೋಡಿದ ಮೇಲೆ 'ಸೋಸಿದರೆ ನಷ್ಟ ಏನಿದೆ' ಎಂದು ಕೇಳುವುದು ಕಷ್ಟ. ಜರಡಿಗೆ ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಅಂತ ಗೊತ್ತಿರುವುದಿಲ್ಲ. ದೇಹಕ್ಕೆ ಬೇಕಾದದ್ದೂ ಅದರಲ್ಲಿ ಸಿಕ್ಕಿಕೊಳ್ಳಬಹುದು.

ಪ್ಲಾಸ್ಟಿಕ್ ತೆಗೆಯುವ ಮಾತು

ಈಗ ಮೈಕ್ರೋಪ್ಲಾಸ್ಟಿಕ್‌ಗೆ ಬರೋಣ. ಭಯಕ್ಕೆ ಕಾರಣ ಇಲ್ಲ ಅಂತ ಹೇಳಲಾಗದು. 2022ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು 22 ದಾನಿಗಳ ರಕ್ತ ಪರೀಕ್ಷಿಸಿ 17 ಜನರಲ್ಲಿ ಪ್ಲಾಸ್ಟಿಕ್ ಕಂಡರು. 2024ರಲ್ಲಿ ಇಟಲಿಯ ತಂಡವೊಂದು ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ್ದ ಕೊಬ್ಬನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡ 257 ಜನರನ್ನು ಅಧ್ಯಯನ ಮಾಡಿತು. 150 ಜನರ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಅಂಥವರಲ್ಲಿ ಮುಂದೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಉಂಟಾಗುವ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್‌ನಿಂದಲೇ ಹೀಗಾಯಿತು ಎಂದು ಇದು ಸಾಬೀತು ಮಾಡುವುದಿಲ್ಲ, ಆದರೆ ಕಡೆಗಣಿಸುವ ವಿಷಯವೂ ಅಲ್ಲ.

ಆದರೆ ಗಮನಿಸಿ, ಈ ಪ್ಲಾಸ್ಟಿಕ್ ಇದ್ದದ್ದು ರಕ್ತನಾಳದ ಗೋಡೆಗೆ ಅಂಟಿದ ಕೊಬ್ಬಿನೊಳಗೆ. ಹರಿಯುವ ರಕ್ತವನ್ನು ಎಷ್ಟು ಸೋಸಿದರೂ ಅದು ಅಲ್ಲಿಂದ ಎದ್ದು ಬರುತ್ತದೆ ಅನ್ನಲು ಆಧಾರ ಬೇಕು. ಇನ್ನು ಒಳಗೆ ಬರುವ ದಾರಿ? ನೀರು, ಗಾಳಿ, ಆಹಾರ. ಚಿಕಿತ್ಸೆ ಮುಗಿಸಿ ಹೊರಗೆ ಬಂದ ಮೊದಲ ಉಸಿರಿನಿಂದಲೇ ಒರತೆ ಮತ್ತೆ ಶುರು.

ಬೆಂಬಲಿಗರು ತೋರಿಸುವುದು 2025ರಲ್ಲಿ ಪ್ರಕಟವಾದ ಒಂದು ಚಿಕ್ಕ ವರದಿ. ದೀರ್ಘಕಾಲದ ಆಯಾಸದ ಕಾಯಿಲೆ ಇದ್ದ 21 ರೋಗಿಗಳಿಗೆ ಅಫೆರೆಸಿಸ್ ಮಾಡಿ, ಫಿಲ್ಟರ್‌ನಿಂದ ಬಂದ ದ್ರವದಲ್ಲಿ ಪ್ಲಾಸ್ಟಿಕ್ ಅನ್ನು ಹೋಲುವ ಪದಾರ್ಥ ಇದೆ ಎಂದು ತೋರಿಸಿದ್ದರು. ರೋಗಿಗಳ ರಕ್ತದಲ್ಲಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಅಳತೆ ಅದರಲ್ಲಿ ಇಲ್ಲ. ಇನ್ನೊಂದು ಸರಳ ಪ್ರಶ್ನೆಯೂ ಇದೆ. ರಕ್ತ ಓಡಾಡುವ ಕೊಳವೆ, ಬ್ಯಾಗು, ಫಿಲ್ಟರ್ ಎಲ್ಲವೂ ಪ್ಲಾಸ್ಟಿಕ್‌ನವೇ. ಸಿಕ್ಕ ಪ್ಲಾಸ್ಟಿಕ್ ರೋಗಿಯದ್ದಾ, ಯಂತ್ರದ್ದಾ ಎಂಬುದನ್ನು ಬೇರ್ಪಡಿಸದೆ ಯಾವ ತೀರ್ಮಾನಕ್ಕೂ ಬರಲಾಗದು.

ಜಾಲತಾಣಗಳಲ್ಲಿ ಓಡಾಡುವ 'ನೋಡಿ, ದೇಹದಿಂದ ಬಂದ ಕೊಳೆ' ಎಂಬ ಫೋಟೋಗಳ ಬಗ್ಗೆಯೂ ಒಂದು ಮಾತು. ಬ್ಯಾಗಿನಲ್ಲಿರುವ ಹಳದಿ ದ್ರವ ಕೊಳೆಯಲ್ಲ, ಪ್ಲಾಸ್ಮಾದ ಸಹಜ ಬಣ್ಣವೇ ಅದು. ಎಣ್ಣೆ, ಕೊಬ್ಬು ಇರುವ ಊಟದ ನಂತರ ತೆಗೆದರೆ ಅದು ಹಾಲಿನಂತೆ ಮಬ್ಬಾಗುತ್ತದೆ. ಪ್ರೋಟೀನ್ ಇರುವುದರಿಂದ ಅಲುಗಾಡಿಸಿದರೆ ನೊರೆಯೂ ಬರುತ್ತದೆ. ಪೂರ್ತಿ ಆರೋಗ್ಯವಂತರ ಪ್ಲಾಸ್ಮಾ ತೆಗೆದರೂ ಹಾಗೇ ಕಾಣುತ್ತದೆ.

ತೆಗೆಯಲು ಸಾಧ್ಯ ಅಂತ ನಿಜಕ್ಕೂ ತೋರಿಸಿದ ಒಂದು ಅಧ್ಯಯನವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೆಂಕಿ ಆರಿಸುವ ನೊರೆಯಲ್ಲಿ ಬಳಸುತ್ತಿದ್ದ ಪಿಎಫ್‌ಎಎಸ್ ಎಂಬ ರಾಸಾಯನಿಕಗಳು ವರ್ಷಗಟ್ಟಲೆ ದೇಹದಲ್ಲಿ ಉಳಿಯುತ್ತವೆ, ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತವೆ. ಆಸ್ಟ್ರೇಲಿಯಾದಲ್ಲಿ 285 ಅಗ್ನಿಶಾಮಕ ಸಿಬ್ಬಂದಿಯ ಮೇಲೆ ಒಂದು ವರ್ಷ ಪ್ರಯೋಗ ನಡೆಯಿತು, 2022ರಲ್ಲಿ ಪ್ರಕಟವಾಯಿತು. ಆರು ವಾರಕ್ಕೊಮ್ಮೆ ಪ್ಲಾಸ್ಮಾ ಕೊಟ್ಟವರಲ್ಲಿ ಒಂದು ಮುಖ್ಯ ರಾಸಾಯನಿಕದ ಪ್ರಮಾಣ ಮಿಲಿಲೀಟರ್‌ಗೆ ಸರಾಸರಿ 2.9 ನ್ಯಾನೊಗ್ರಾಂ ಇಳಿಯಿತು. ಏನೂ ಕೊಡದವರಲ್ಲಿ ಇಳಿಯಲಿಲ್ಲ. ಪದಾರ್ಥ ರಕ್ತದಲ್ಲೇ ಇದೆ, ನಿಧಾನವಾಗಿ ಮಾತ್ರ ಮರಳುತ್ತದೆ, ಹಾಗಾಗಿ ತೆಗೆಯುವುದು ಫಲ ಕೊಟ್ಟಿತು. ಆರೋಗ್ಯ ಸುಧಾರಿಸಿತಾ? ಪ್ರಯೋಗ ಮುಖ್ಯವಾಗಿ ಅಳೆದದ್ದು ರಾಸಾಯನಿಕದ ಪ್ರಮಾಣವನ್ನು. ಆರೋಗ್ಯಕ್ಕೆ ಏನು ಲಾಭ ಎಂಬುದಕ್ಕೆ ಇನ್ನೂ ಅಧ್ಯಯನ ಬೇಕು ಅಂತ ಸಂಶೋಧಕರೇ ಹೇಳಿದ್ದಾರೆ.

ಲಾಂಗ್ ಕೋವಿಡ್ ರೋಗಿಗಳ ಪಾಡು

ಇಲ್ಲಿ ಯಾರನ್ನೂ ಹಗುರವಾಗಿ ನೋಡಬಾರದು. ಕೋವಿಡ್ ಬಂದು ಹೋಗಿ ವರ್ಷಗಳಾದರೂ ಹಾಸಿಗೆ ಬಿಟ್ಟು ಏಳಲಾಗದ ಜನ ಇದ್ದಾರೆ. ಅವರ ರಕ್ತದಲ್ಲಿ ಕರಗದ ಸೂಕ್ಷ್ಮ ಹೆಪ್ಪುಗಳಿವೆ ಎಂದು ದಕ್ಷಿಣ ಆಫ್ರಿಕಾದ ವಿಜ್ಞಾನಿ ರೇಸಿಯಾ ಪ್ರಿಟೋರಿಯಸ್ ತಂಡ ಹೇಳಿತು. ಆ ಊಹೆಯ ಬೆನ್ನಿಗೆ ಯುರೋಪಿನ ಕೆಲವು ಕ್ಲಿನಿಕ್‌ಗಳು ಕೊಲೆಸ್ಟ್ರಾಲ್‌ಗಾಗಿ ರೂಪಿಸಿದ್ದ ಅಫೆರೆಸಿಸ್ ಅನ್ನು ಲಾಂಗ್ ಕೋವಿಡ್‌ಗೆ ಕೊಡಲು ಶುರು ಮಾಡಿದವು. ರೋಗಿಗಳು ಇದ್ದ ಉಳಿತಾಯವನ್ನೆಲ್ಲ ಸುರಿದು ಸೈಪ್ರಸ್, ಜರ್ಮನಿಗೆ ಹೋಗುತ್ತಿರುವುದನ್ನು 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ತನಿಖೆ ಮಾಡಿ ಬರೆಯಿತು.

ಕೆಲವರಿಗೆ ಹಿತ ಅನ್ನಿಸಿತು, ಕೆಲವರಿಗೆ ಏನೂ ಆಗಲಿಲ್ಲ. ಇದರಿಂದ ಏನು ತಿಳಿಯಬೇಕು? ದೊಡ್ಡ ಯಂತ್ರ, ಸೂಜಿ, ಗಂಟೆಗಟ್ಟಲೆ ಆರೈಕೆ, ದೂರದ ಪ್ರಯಾಣ, ದೊಡ್ಡ ಖರ್ಚು, ದೊಡ್ಡ ಆಸೆ. ಇಷ್ಟೆಲ್ಲ ಸೇರಿದಾಗ ಚಿಕಿತ್ಸೆಯಲ್ಲಿ ಸತ್ವ ಇಲ್ಲದಿದ್ದರೂ ಕೆಲಕಾಲ ಹಿತ ಅನ್ನಿಸಬಹುದು, ಅದು ರೋಗಿಯ ತಪ್ಪಲ್ಲ, ಮನುಷ್ಯನ ದೇಹ ಮನಸ್ಸು ಇರುವುದೇ ಹಾಗೆ. ಅದಕ್ಕೇ ಹುಸಿ ಚಿಕಿತ್ಸೆಯ ಜೊತೆ ಹೋಲಿಸಬೇಕು. ಯಂತ್ರಕ್ಕೆ ಜೋಡಿಸುತ್ತಾರೆ, ಆದರೆ ಪ್ಲಾಸ್ಮಾ ಬದಲಿಸುವುದಿಲ್ಲ, ಯಾರಿಗೆ ಯಾವುದು ಎಂದು ರೋಗಿಗೆ ಗೊತ್ತಿರುವುದಿಲ್ಲ. ಸ್ಪೇನಿನಲ್ಲಿ 50 ಲಾಂಗ್ ಕೋವಿಡ್ ರೋಗಿಗಳ ಮೇಲೆ ಪ್ಲಾಸ್ಮಾ ಎಕ್ಸ್‌ಚೇಂಜ್ ಅನ್ನು ಹೀಗೇ ಪರೀಕ್ಷಿಸಿದರು. 2025ರಲ್ಲಿ ಬಂದ ಫಲಿತಾಂಶ: ಸುರಕ್ಷಿತವಾಗಿ ಮಾಡಬಹುದು, ಆದರೆ ಹುಸಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಕ್ಲಿನಿಕ್‌ಗಳ ಪರ ಇರುವವರ ವಾದವನ್ನೂ ಕೇಳಬೇಕು. ಬೇರೆ ದಾರಿ ಇಲ್ಲದ ರೋಗಿಗೆ 'ಹತ್ತು ವರ್ಷ ಕಾಯಿರಿ' ಅನ್ನುವುದು ಕ್ರೂರ. ಒಂದು ಕಾಯಿಲೆಗೆ ಒಪ್ಪಿಗೆ ಪಡೆದ ಚಿಕಿತ್ಸೆಯನ್ನು ಇನ್ನೊಂದಕ್ಕೆ ಬಳಸುವುದು ವೈದ್ಯಕೀಯದಲ್ಲಿ ಹೊಸದಲ್ಲ. ಎರಡೂ ನಿಜ. ಆದರೆ ಪ್ರಯೋಗ ಎಂದು ಕರೆದರೆ ಫಲಿತಾಂಶ ಬರೆದಿಡಬೇಕು, ಖರ್ಚನ್ನು ರೋಗಿಯ ಮೇಲೆ ಹಾಕಬಾರದು. ಸಾಬೀತಾದ ಚಿಕಿತ್ಸೆಯ ಬೆಲೆ ವಸೂಲಿ ಮಾಡಿ, ಪ್ರಶ್ನೆ ಕೇಳಿದಾಗ ಇದಿನ್ನೂ ಪ್ರಯೋಗ ಅನ್ನುವುದು ನನಗೆ ಒಪ್ಪಿಗೆಯಾಗದ ಮಾತು.

ವಯಸ್ಸು ಇಳಿಸುವ ಆಸೆ

ಇದರ ಮೂಲ ಇಲಿಗಳ ಪ್ರಯೋಗದಲ್ಲಿದೆ. ಎಳೆಯ ಇಲಿ ಮತ್ತು ಮುದಿ ಇಲಿಯ ರಕ್ತಸಂಚಾರವನ್ನು ಜೋಡಿಸಿದಾಗ ಮುದಿ ಇಲಿಯ ಸ್ನಾಯುಗಳು ಚೇತರಿಸಿಕೊಂಡವು. ಎಳೆಯರ ಪ್ಲಾಸ್ಮಾ ಮಾರುವ ಕಂಪನಿ ಕೂಡ ಹುಟ್ಟಿಕೊಂಡಿತು. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಸಾಬೀತಾದ ಲಾಭ ಇಲ್ಲ, ಅಪಾಯ ಇದೆ ಎಂದು ಎಚ್ಚರಿಸಿತು. ಉದ್ಯಮಿ ಬ್ರಯಾನ್ ಜಾನ್ಸನ್ 2023ರಲ್ಲಿ ತಮ್ಮ 17 ವರ್ಷದ ಮಗನ ಪ್ಲಾಸ್ಮಾ ಏರಿಸಿಕೊಂಡು, ಲಾಭ ಕಾಣಲಿಲ್ಲ ಎಂದು ತಾವೇ ಹೇಳಿ ನಿಲ್ಲಿಸಿದರು. ಆಮೇಲೆ ತಮ್ಮದೇ ಪ್ಲಾಸ್ಮಾ ತೆಗೆಸಿ ಆಲ್ಬುಮಿನ್ ಹಾಕಿಸಿಕೊಂಡರು.

2025ರಲ್ಲಿ 42 ಜನರ ಮೇಲಿನ ಪ್ರಯೋಗವೊಂದು ಪ್ಲಾಸ್ಮಾ ಬದಲಿಸಿ ಜೊತೆಗೆ ಪ್ರತಿಕಾಯಗಳನ್ನೂ ಕೊಟ್ಟಾಗ 'ಜೈವಿಕ ವಯಸ್ಸು' ಸರಾಸರಿ ಸುಮಾರು 2.6 ವರ್ಷ ಇಳಿಯಿತು ಎಂದಿತು. ಈ ಜೈವಿಕ ವಯಸ್ಸು ರಕ್ತದ ಕಣಗಳಲ್ಲಿನ ರಾಸಾಯನಿಕ ಗುರುತುಗಳಿಂದ ಕಟ್ಟಿದ ಲೆಕ್ಕ. ರಕ್ತದ ಪ್ಲಾಸ್ಮಾವನ್ನೇ ಬದಲಾಯಿಸಿದ ಮೇಲೆ ರಕ್ತದ ಲೆಕ್ಕ ಬದಲಾಗುವುದರಲ್ಲಿ ಆಶ್ಚರ್ಯ ಏನಿದೆ? ಲೂಪಸ್ ಪ್ರಯೋಗದಲ್ಲೂ ಲ್ಯಾಬ್ ಸಂಖ್ಯೆ ಚೆನ್ನಾಗಿಯೇ ಇತ್ತು.

ಹೊರಗೆ ಹೋಗುವುದು ಕೆಟ್ಟದ್ದಷ್ಟೇ ಅಲ್ಲ

ರಕ್ತ ಯಂತ್ರದೊಳಗೆ ಹೆಪ್ಪುಗಟ್ಟದಿರಲು ಸಿಟ್ರೇಟ್ ಸೇರಿಸುತ್ತಾರೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ತುಟಿ, ಬೆರಳುಗಳು ಜುಮ್ಮೆನ್ನುತ್ತವೆ, ಜಾಸ್ತಿಯಾದರೆ ಹೃದಯದ ಬಡಿತಕ್ಕೂ ತೊಂದರೆ. ಪ್ಲಾಸ್ಮಾ ಬಿಸಾಡಿದಾಗ ಸೋಂಕಿನಿಂದ ಕಾಪಾಡುವ ಪ್ರತಿಕಾಯಗಳೂ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳೂ ಹೋಗುತ್ತವೆ. ರೋಗಿ ತೆಗೆದುಕೊಂಡ ಕೆಲವು ಔಷಧಗಳೂ ಹೋಗುತ್ತವೆ, ಹಾಗಾಗಿ ಯಾವ ಮಾತ್ರೆ ಯಾವಾಗ ಎಂಬುದನ್ನು ಲೆಕ್ಕ ಹಾಕಿ ಕೊಡಬೇಕು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿದರೆ ಸೋಂಕು, ರಕ್ತಸ್ರಾವದ ಭಯ ಬೇರೆ. ಸಾಯುವ ಅಂಚಿನಲ್ಲಿರುವ ಟಿಟಿಪಿ ರೋಗಿಗೆ ಈ ಅಪಾಯ ತೀರಾ ಚಿಕ್ಕದು. ಆರೋಗ್ಯವಾಗಿರುವವರಿಗೆ ಹಾಗಲ್ಲ, ಅವರ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಲು ಸಾಬೀತಾದ ಲಾಭವೇ ಇಲ್ಲ.

ಅಮೆರಿಕದ ಅಫೆರೆಸಿಸ್ ಸಂಘ ಕಾಯಿಲೆಗಳನ್ನು ನಾಲ್ಕು ವರ್ಗ ಮಾಡಿದೆ. ಮೊದಲ ವರ್ಗದಲ್ಲಿ ಇದೇ ಮುಖ್ಯ ಚಿಕಿತ್ಸೆಗಳಲ್ಲೊಂದು. ನಾಲ್ಕನೆಯದರಲ್ಲಿ ಇದರಿಂದ ಲಾಭ ಇಲ್ಲ ಅಥವಾ ಹಾನಿ. ಯಾರಾದರೂ ಈ ಚಿಕಿತ್ಸೆ ಹೇಳಿದರೆ ನಮ್ಮ ಕಾಯಿಲೆ ಯಾವ ವರ್ಗದಲ್ಲಿದೆ ಎಂದು ಧೈರ್ಯವಾಗಿ ಕೇಳಬಹುದು. ಜೊತೆಗೆ ಏನನ್ನು ತೆಗೆಯುತ್ತೀರಿ, ಮೊದಲು ಮತ್ತು ಆಮೇಲೆ ಅಳೆದು ತೋರಿಸುತ್ತೀರಾ ಎಂದೂ ಕೇಳಬಹುದು.

ಇದೆಲ್ಲ ಹೀಗೇ ಮುಂದುವರಿದರೆ ಎರಡು ತೊಂದರೆ ಕಾಣುತ್ತಿದೆ. ಒಂದು, ಪ್ಲಾಸ್ಮಾದ ಬದಲಿಗೆ ಹಾಕುವ ಆಲ್ಬುಮಿನ್ ತಯಾರಾಗುವುದು ಮನುಷ್ಯರು ಕೊಟ್ಟ ಪ್ಲಾಸ್ಮಾದಿಂದ, ಅದಕ್ಕೆ ಮಿತಿ ಇದೆ. ಆರೋಗ್ಯವಂತರ ಸರದಿ ಬೆಳೆದಷ್ಟೂ ಐಸಿಯುನಲ್ಲಿರುವವರ ಪಾಲಿನ ಮೇಲೆ ಒತ್ತಡ ಬೀಳುತ್ತದೆ. ಎರಡನೆಯದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. 'ರಕ್ತ ತೊಳೆಯುವುದು ಅಂದರೆ ಸಿನಿಮಾ ನಟರ ಶೋಕಿ' ಎಂಬ ಮಾತು ಜನರ ತಲೆಯಲ್ಲಿ ಕೂತುಬಿಟ್ಟರೆ, ಪ್ಲೇಟ್‌ಲೆಟ್ ಕುಸಿದು ಮಾತು ತೊದಲುತ್ತಿರುವ ರೋಗಿಯ ಮನೆಯವರು ಕೂಡ ಹಿಂಜರಿಯುತ್ತಾರೆ. ಟಿಟಿಪಿಯಲ್ಲಿ ಅನುಮಾನ ಬಂದ ದಿನವೇ ಪ್ಲಾಸ್ಮಾ ಬದಲಿಸಲು ಶುರು ಮಾಡಬೇಕು. ಪರೀಕ್ಷೆಯ ವರದಿ ಕೈಗೆ ಬರುವ ತನಕವೂ ವೈದ್ಯರು ಕಾಯುವುದಿಲ್ಲ.